ಬೂಡಿಕಾಳ ಕತ್ತಿನ ಕಡಗ: ರಂಗಕ್ಕಾಗಿ ಹಿತ್ತಾಳೆಯಲ್ಲಿ ಹೊಸೆದ ಬಗೆ

ಕ್ರಿ.ಶ. 60-61ರಲ್ಲಿ ರೋಮನ್ನರ ಮೇಲೆ ತಿರುಗಿಬಿದ್ದ ಬ್ರಿಟನ್ನಿನ ಐಸೀನಿ ಕುಲದ ರಾಣಿ ಬೂಡಿಕಾ ನೋಡಲು ಹೇಗಿದ್ದಳೆಂದು ಬರೆದಿಟ್ಟವನು ರೋಮನ್ ಇತಿಹಾಸಕಾರ ಕ್ಯಾಸಿಯಸ್ ಡಿಯೋ. ಎತ್ತರದ ನಿಲುವು, ಒರಟು ದನಿ, ಸೊಂಟ ದಾಟಿ ಇಳಿದ ಕೆಂಚುಗೂದಲು, ಹಲವು ಬಣ್ಣದ ನಿಲುವಂಗಿ, ಮೇಲೆ ದಪ್ಪ ಹೊದಿಕೆ, ಕೊರಳಲ್ಲಿ ಹೊಸೆದ ದೊಡ್ಡ ಚಿನ್ನದ ಹಾರ. ಅವನು ಬರೆದದ್ದು ಘಟನೆಯಾಗಿ ಒಂದೂವರೆ ಶತಮಾನದ ಮೇಲೆ. ಅವನಿಗಿಂತ ಹತ್ತಿರದ ಕಾಲದವನಾದ ಇತಿಹಾಸಕಾರ ಟ್ಯಾಸಿಟಸ್, ಆಕೆ ತನ್ನ ಹೆಣ್ಣುಮಕ್ಕಳನ್ನು ಮುಂದಿಟ್ಟುಕೊಂಡು ರಥದಲ್ಲಿ ಬಂದಳು ಎನ್ನುತ್ತಾನೆ. ಉಡುಗೆ ತೊಡುಗೆಯ ಮಾತೆತ್ತುವುದಿಲ್ಲ. ಹಾಗಾಗಿ ಆಕೆಯ ವೇಷ ಕಟ್ಟುವವರಿಗೆಲ್ಲ ಡಿಯೋನ ಆ ನಾಲ್ಕು ಸಾಲುಗಳೇ ಬಂಡವಾಳ. ಅದರಲ್ಲಿ ಕೈಗೆ ಅತಿ ಹೆಚ್ಚು ಕೆಲಸ ಕೊಡುವುದು ಹಾರ.

ಇದಕ್ಕೆ ಮಾದರಿ ಬೇಕೆಂದರೆ ಐಸೀನಿಗಳ ನೆಲದಲ್ಲೇ ಇದೆ. ನಾರ್ಫಕ್‌ನ ಸ್ನೆಟಿಶ್ಯಾಮ್‌ನಲ್ಲಿ 1950ರಲ್ಲಿ ಹೊಲ ಉಳುವಾಗ ಸಿಕ್ಕಿದ ಗ್ರೇಟ್ ಟಾರ್ಕ್ (ಟಾರ್ಕ್ ಎಂದರೆ ಕತ್ತಿನ ಕಡಗ) ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಚಿನ್ನಕ್ಕೆ ಬೆಳ್ಳಿ ಬೆರೆಸಿದ 64 ಎಳೆ. ಎಂಟೆಂಟು ಎಳೆ ಹೊಸೆದು ಎಂಟು ಹುರಿ. ಆ ಎಂಟನ್ನೂ ಸೇರಿಸಿ ಮತ್ತೊಮ್ಮೆ ಹೊಸೆದು ಒಂದು ಕಡಗ. ಎರಡು ತುದಿಗೂ ಬಳೆಯಾಕಾರದ ಟೊಳ್ಳು ಗುಬಟು. ತೂಕ ಒಂದು ಕಿಲೋಗೆ ತುಸು ಹೆಚ್ಚು. ಇದು ಬೂಡಿಕಾಳದಲ್ಲ, ಆಕೆಗಿಂತ ನೂರು ವರ್ಷಕ್ಕೂ ಹಿಂದೆ ಮಣ್ಣು ಸೇರಿದ್ದು. ಆದರೂ ಡಿಯೋ ಹೇಳುವ ‘ಹೊಸೆದ’ ಹಾರಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನನಗೆ ಕಂಡಿಲ್ಲ.

ಮೂಲದ ಎಳೆ 1.9 ಮಿ.ಮೀ. ದಪ್ಪ. ಅಷ್ಟೇ ದಪ್ಪದ ಹಿತ್ತಾಳೆ ತಂತಿ ಹೊಸೆಯಲು ಕೈಬಲ ಸಾಲದು, ನಟಿಯ ಹೆಗಲಿಗೂ ಭಾರ. ನಾನು ತೆಗೆದುಕೊಂಡದ್ದು 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ತುಂಡೊಂದಕ್ಕೆ 65 ಸೆಂ.ಮೀ.ನಂತೆ 64 ತುಂಡು: 42 ಮೀಟರ್, 400 ಗ್ರಾಂ ಚಿಲ್ಲರೆ. ಮುಗಿದಾಗ ಹುರಿಯ ಉದ್ದ 42 ಸೆಂ.ಮೀ. ಇದ್ದರೆ ಸಾಕು, ಉಳಿದದ್ದು ಹಿಡಿತಕ್ಕೆ, ಹೊಸೆತದ ಕುಗ್ಗುವಿಕೆಗೆ, ಕೊನೆಯಲ್ಲಿ ಕತ್ತರಿಸಿ ಸಮ ಮಾಡುವುದಕ್ಕೆ ಹೋಗುತ್ತದೆ. ಇದರ ಜತೆ 14 ಗೇಜ್ ತಾಮ್ರದ ತಂತಿ 70 ಸೆಂ.ಮೀ.ನ ಎಂಟು ತುಂಡು ಬೇಕು.

ತಾಮ್ರ ಏಕೆಂದರೆ, ಎಂಟು ಎಳೆಗಳನ್ನು ಸುಮ್ಮನೆ ಹೊಸೆದರೆ ಒಂದು ಎಳೆ ಒಂದು ಕಡೆ ನಡುವಿಗೆ ಜಾರುತ್ತದೆ, ಇನ್ನೊಂದು ಕಡೆ ಹೊರಗೆ ಬರುತ್ತದೆ. ಹುರಿ ಗಂಟುಗಂಟಾಗಿ ಕಾಣುತ್ತದೆ. ಎಂಟೂ ಹೊರಸುತ್ತಿನಲ್ಲೇ ನಿಲ್ಲಬೇಕಾದರೆ ನಡುವೆ ಎಳೆಯ ದಪ್ಪದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಿನ ತಿರುಳು ಬೇಕು, 1.2ಕ್ಕೆ 2 ಮಿ.ಮೀ. ಸರಿಹೊಂದುತ್ತದೆ. ತಿರುಳನ್ನು ಬಿಗಿಯುವುದು ವೈಸ್ (ತಂತಿ ಬಿಗಿಹಿಡಿಯುವ ಇಕ್ಕಳ) ಕಡೆ ಮಾತ್ರ, ತಿರುಗುವ ಕಡೆ ಅದು ಸಡಿಲವಾಗಿರಬೇಕು. ಹೊರ ಎಳೆಗಳು ಸುತ್ತುತ್ತ ಕುಗ್ಗುತ್ತವೆ, ನಡುವಿನದು ಕುಗ್ಗುವುದಿಲ್ಲ. ಎರಡೂ ಕಡೆ ಹಿಡಿದರೆ ಅದು ಡೊಂಕಾಗಿ ಎಳೆಗಳ ಸಂದಿನಿಂದ ಹೊರಗೆ ಇಣುಕುತ್ತದೆ.

ಹೊಸೆಯುವ ಮೊದಲು ತಂತಿಯನ್ನು ಹದಕ್ಕೆ ಕಾಯಿಸಬೇಕು. ಕೋಣೆ ನಸುಗತ್ತಲಾಗಿರಲಿ. ಮಂಕು ಕೆಂಪು ಕಂಡಕೂಡಲೇ ಉರಿ ತೆಗೆಯಿರಿ. ಬೆಳಕಿನಲ್ಲಿ ಕಾಯಿಸಿದರೆ ಆ ಕೆಂಪು ಕಣ್ಣಿಗೆ ಬೀಳದೆ ಬಿಸಿ ಹೆಚ್ಚಾಗುತ್ತದೆ. ಸತುವು ಬಿಳಿ ಹೊಗೆಯಾಗಿ ಹೋಗಿ ತಂತಿ ಪೆಡಸಾಗುತ್ತದೆ, ಆ ಹೊಗೆ ಎದೆಗೂ ಒಳ್ಳೆಯದಲ್ಲ. ಕೆಂಪಗಿರುವಾಗ ತಂತಿಯನ್ನು ಅಲುಗಿಸಬಾರದು. ಆರಿದ ಮೇಲೆ ಹುಣಸೆ ನೀರಿನಲ್ಲಿ ಉಜ್ಜಿ ಒಣಗಿಸಿದೆ.

ಪ್ಲೈವುಡ್ ಬಿಲ್ಲೆಗೆ ಸುತ್ತ ಎಂಟು, ನಡುವೆ ಒಂದು ತೂತು ಕೊರೆದು ಎಳೆಗಳನ್ನು ಪೋಣಿಸಿ. ಒಂದು ತುದಿ ವೈಸ್‌ಗೆ, ಇನ್ನೊಂದು ಕೈ ಡ್ರಿಲ್ಲಿಗೆ. ಕರೆಂಟಿನ ಡ್ರಿಲ್ ಬೇಡ, ಸುತ್ತು ಕೈಮೀರಿ ತಂತಿ ತುಂಡಾಗುತ್ತದೆ. ಬಿಲ್ಲೆಯನ್ನು ಹೊಸೆತದ ಮುಂದೆಯೇ ಸರಿಸುತ್ತ, ಡ್ರಿಲ್ಲನ್ನು ಹಿಂದಕ್ಕೆ ಎಳೆದು ಹಿಡಿದು, 3 ಸೆಂ.ಮೀ.ಗೆ ಒಂದು ಸುತ್ತಿನಂತೆ ಬಲಕ್ಕೆ ಹೊಸೆಯಬೇಕು. ಎಂಟೂ ಹುರಿಗಳ ಸುತ್ತು ಒಂದೇ ಲೆಕ್ಕದಲ್ಲಿರಲಿ. ಒಂದರಲ್ಲಿ ನಾಲ್ಕು ಸುತ್ತು ಹೆಚ್ಚಾದರೂ ಮುಗಿದ ಕಡಗದಲ್ಲಿ ಅದೇ ಮೊದಲು ಕಣ್ಣಿಗೆ ಹೊಡೆಯುತ್ತದೆ.

ಹುರಿಗಳನ್ನು ಮತ್ತೆ ಒಮ್ಮೆ ಕಾಯಿಸಿ ಹದ ಮಾಡಿ. ಇನ್ನು ದೊಡ್ಡ ಹೊಸೆತ: ನಡುವೆ 7 ಮಿ.ಮೀ. ಹತ್ತಿ ಹಗ್ಗ, ಸುತ್ತ ಎಂಟು ಹುರಿ, ತುದಿಗಳಿಗೆ ಕಬ್ಬಿಣದ ತಂತಿಯ ಬಿಗಿ ಕಟ್ಟು. ಒಂದು ಕಡೆ ವೈಸ್, ಇನ್ನೊಂದು ಕಡೆ ಪೈಪ್ ರೆಂಚು, ಇದಕ್ಕೆ ಇಬ್ಬರು ಬೇಕೇ ಬೇಕು. ಈಗ ಎಡಕ್ಕೆ, 9 ಸೆಂ.ಮೀ.ಗೆ ಒಂದು ಸುತ್ತು. ದಿಕ್ಕು ಬದಲಿಸುವುದರಿಂದ ಎರಡು ಹೊಸೆತಗಳು ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಎರಡನ್ನೂ ಬಲಕ್ಕೇ ಹೊಸೆದರೆ ಹುರಿಗಳು ಇನ್ನಷ್ಟು ಬಿಗಿದು ನುಲಿಚಿಕೊಳ್ಳುತ್ತವೆ. ವಿರುದ್ಧ ಹೊಸೆತದಲ್ಲಿ ಮೊದಲಿನದು ಸ್ವಲ್ಪ ಸಡಿಲವಾಗುವುದು ನಿಜ. ಅದಕ್ಕೇ ಮೊದಲ ಸಲ ಕೊನೆಗೆರಡು ಸುತ್ತು ಜಾಸ್ತಿ ಕೊಟ್ಟಿರಬೇಕು.

ಇಲ್ಲಿಂದ ಮುಂದೆ ಇಡೀ ಕಡಗಕ್ಕೆ ಬೆಂಕಿ ತೋರಿಸಬೇಡಿ. ಹೊಸೆತದಿಂದ ಬಂದ ಗಡಸುತನವೇ ಅದರ ಸ್ಪ್ರಿಂಗು. ಕಾಯಿಸಿದರೆ ಅದು ಹೋಗಿ, ತೊಟ್ಟಾಗಲೆಲ್ಲ ಆಕಾರ ಕೆಡುತ್ತದೆ. 13 ಸೆಂ.ಮೀ. ಅಡ್ಡಳತೆಯ ಮರದ ದಿಮ್ಮಿಗೆ ಬಳಸಿ, ನಡುವಿನಿಂದ ತುದಿಯತ್ತ ಮರದ ಕೊಡತಿಯಿಂದ ಬಡಿದು ಬಾಗಿಸಿದರೆ ಬಿಟ್ಟಾಗ ಚಿಮ್ಮಿ 14ಕ್ಕೆ ನಿಲ್ಲುತ್ತದೆ.

ಮೂಲದ ಗುಬಟುಗಳು ಎರಕದವು ಎನ್ನುತ್ತದೆ ಮ್ಯೂಸಿಯಂ. ತೂಕ ಉಳಿಸಲು ನಾನು 0.8 ಮಿ.ಮೀ. ತಗಡನ್ನು ಆರಿಸಿಕೊಂಡೆ: ಮರದಲ್ಲಿ ಕೊರೆದ ಉಂಗುರದ ಗುಳಿಗೆ ತಗಡು ಬಡಿದು ಎರಡೆರಡು ಅರ್ಧ, ಬಿಳಿಗಾರ ಹಚ್ಚಿ ಬೆಳ್ಳಿ ಬೆಸುಗೆ. ಮರೆಯದೆ ಒಳಮೈಗೆ 1.5 ಮಿ.ಮೀ. ತೂತು ಬಿಡಿ, ಇಲ್ಲದಿದ್ದರೆ ಒಳಗಿನ ಗಾಳಿ ಹಿಗ್ಗಿ ಬೆಸುಗೆ ಸೀಳುತ್ತದೆ. ಹುರಿಯ ತುದಿಯಲ್ಲಿ ಹತ್ತಿ ಹಗ್ಗವನ್ನು 2 ಸೆಂ.ಮೀ. ಒಳಕ್ಕೆ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ಗುಬಟಿನ ಕೊಳವೆಗೆ ಒಂದು ಸೆಂ.ಮೀ. ಸೇರಿಸಿ ಬೆಸೆಯಿರಿ. ಒಟ್ಟು ತೂಕ ಅರ್ಧ ಕಿಲೋ ಆಸುಪಾಸು.

ಉಳಿದ ವೇಷದಲ್ಲಿ ಬೇಡದ್ದನ್ನು ಬಿಡುವುದೇ ದೊಡ್ಡ ಕೆಲಸ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಬಳಿಯ ಶಿಲ್ಪಿ ಥಾರ್ನಿಕ್ರಾಫ್ಟ್‌ನ ಬೂಡಿಕಾಳ ಕಂಚಿನ ಪ್ರತಿಮೆಯಲ್ಲಿ ರಥದ ಗಾಲಿಗೆ ಕುಡುಗೋಲುಗಳಿವೆ. ಟ್ಯಾಸಿಟಸ್‌ನಲ್ಲಾಗಲಿ ಡಿಯೋನಲ್ಲಾಗಲಿ ಅವು ಇಲ್ಲ, ತೆಗೆದುಬಿಡಿ. ಮುಖಕ್ಕೆ ನೀಲಿ ಬಳಿಯಬೇಡಿ: ಬ್ರಿಟನ್ನರು ನೀಲಿ ಬಳಿದುಕೊಳ್ಳುತ್ತಿದ್ದರೆಂದು ಬರೆದವನು ಸೀಸರ್, ಅದೂ ಒಂದು ಶತಮಾನ ಮೊದಲು. ಕೈಯಲ್ಲಿ ಈಟಿ ಇರಲಿ, ಅದು ಡಿಯೋನಲ್ಲಿದೆ. ಹೊದಿಕೆಗೆ ತೆಳು ಬಟ್ಟೆ ಕೂಡದು. ದಪ್ಪ ಉಣ್ಣೆಯಾದರೆ ಮಾತ್ರ ಪಿನ್ನು ಹರಿಯದೆ ನಿಲ್ಲುತ್ತದೆ.

ಕಡಗ ತೊಡಿಸುವಾಗ ತುದಿಗಳನ್ನು ಎಡಬಲಕ್ಕೆ ಅಗಲಿಸಬೇಡಿ, ಬಾಗಿದ ಜಾಗದಲ್ಲೇ ಎಳೆಗಳು ಬಿರುಕು ಬಿಡುತ್ತವೆ. ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಿ, ಕತ್ತಿನ ಪಕ್ಕದಿಂದ ಸರಿಸಿ, ಆಮೇಲೆ ಬಾಯಿ ಮುಂದಕ್ಕೆ ಬರುವಂತೆ ತಿರುಗಿಸಿ. ಬೆವರಿಗೆ ಹಿತ್ತಾಳೆ ಹಸಿರು ಬಿಡುವುದರಿಂದ ಒಳಬದಿಗೆ ಪಾರದರ್ಶಕ ಲ್ಯಾಕರ್ ಎರಡು ಕೈ ಹಚ್ಚಿ. ಹೊರಬದಿಗೆ ಹಚ್ಚಿದರೆ ದೀಪದಡಿ ಹೊಳಪು ಮಂಕಾಗುತ್ತದೆ, ಅಲ್ಲಿ ಪ್ರತಿ ಪ್ರದರ್ಶನಕ್ಕೂ ಮೊದಲು ಹುಣಸೆಹಣ್ಣಿನ ಉಜ್ಜು ಸಾಕು.