ಬಾಲ ನ್ಯಾಯ ಮಂಡಳಿ ಮುಂದೆ ಮಗು ‘ಹೂಂ ಸಾರ್’ ಅನ್ನೋಕೆ ಮುಂಚೆ ಮನೆಯವ್ರು ಮಾಡ್ಬೇಕಾದ್ದು

ಹದಿನಾರು ಹದಿನೇಳರ ಹುಡುಗನ ಮೇಲೆ ಕೇಸಾಯ್ತು ಅಂದ್ರೆ ಮನೇಲಿ ಮೊದ್ಲು ಬರೋ ಮಾತು ಒಂದೇ, ‘ತಪ್ಪಾಯ್ತು ಅಂತ ಒಪ್ಕೊಂಡ್ಬಿಡೋ ಮಗ, ಚಿಕ್ಕೋನು ಅಂತ ಬಿಟ್ಬಿಡ್ತಾರೆ’. ಹೇಳೋರು ಅಪ್ಪ, ಚಿಕ್ಕಪ್ಪ, ಪಂಚಾಯ್ತಿ ಮೆಂಬರು, ಯಾರ್ ಬೇಕಾದ್ರೂ ಆಗ್ಬೋದು. ಹುಡುಗ ಹೂಂ ಅಂತಾನೆ. ಯಾವುದಕ್ಕೆ ಹೂಂ ಅಂದೆ ಅಂತ ಆಮೇಲೆ ಕೇಳಿ ನೋಡಿ, ನೆಲ ನೋಡ್ತಾನೆ.

ಮೊದ್ಲು ವಯಸ್ಸಿನ ದಾಖಲೆ ತೆಗೆದಿಟ್ಕೊಳ್ಳಿ. ಸ್ಕೂಲಿನ ಜನ್ಮ ದಿನಾಂಕದ ಸರ್ಟಿಫಿಕೇಟ್ ಅಥವಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಅದಿಲ್ದಿದ್ರೆ ಪಂಚಾಯ್ತಿನೋ ಪುರಸಭೆನೋ ಕೊಟ್ಟಿರೋ ಜನನ ಪ್ರಮಾಣ ಪತ್ರ. ಇವೆರಡೂ ಇಲ್ಲ ಅಂದ್ರೆ ಮಾತ್ರ ಮೆಡಿಕಲ್ ಟೆಸ್ಟು. ಕೃತ್ಯ ನಡೆದ ದಿನ 18 ತುಂಬಿರ್ಲಿಲ್ಲ ಅಂದ್ರೆ ಕೇಸು 2015ರ ಬಾಲ ನ್ಯಾಯ ಕಾಯ್ದೆ ಕೆಳಗೆ ಬರುತ್ತೆ, ಹಾಸನವಾಗ್ಲಿ ಚಿಕ್ಕಮಗಳೂರಾಗ್ಲಿ ಜಿಲ್ಲೆಯ ಬಾಲ ನ್ಯಾಯ ಮಂಡಳಿ ಮುಂದೆ. ಅಲ್ಲಿರೋದು ಒಬ್ರು ಮ್ಯಾಜಿಸ್ಟ್ರೇಟ್, ಇಬ್ರು ಸಮಾಜ ಕಾರ್ಯಕರ್ತರು, ಆ ಇಬ್ರಲ್ಲಿ ಒಬ್ರಾದ್ರೂ ಹೆಂಗಸು ಇರ್ಲೇಬೇಕು. ಸಿನಿಮಾದಲ್ಲಿ ತೋರ್ಸೋ ಕಟಕಟೆ ಅಲ್ಲ ಅದು, ಇದನ್ನ ಮಗುಗೆ ಮೊದ್ಲೇ ಹೇಳಿ, ಅರ್ಧ ಭಯ ಅಲ್ಲೇ ಇಳಿಯುತ್ತೆ.

ಇನ್ನು ಸ್ಟೇಷನ್ ವಿಷಯ. ಮಗುನ ಲಾಕಪ್ಪಲ್ಲಿ ಇಡಂಗಿಲ್ಲ, ಕೋಳ ಹಾಕಂಗಿಲ್ಲ, 24 ಗಂಟೆ ಒಳಗೆ ಮಂಡಳಿ ಮುಂದೆ ತರ್ಬೇಕು (ಪ್ರಯಾಣದ ಟೈಮ್ ಬಿಟ್ಟು). ಇದೇ ಕಾಯ್ದೆ ಕೆಳಗೆ ಬಂದ 2016ರ ಮಾದರಿ ನಿಯಮಗಳಲ್ಲಿ ಇನ್ನೂ ಸ್ಪಷ್ಟವಾಗಿದೆ, ತಪ್ಪು ಒಪ್ಕೋ ಅಂತ ಮಗುನ ಬಲವಂತ ಮಾಡೋ ಹಾಗಿಲ್ಲ, ಹೇಳಿಕೆಗೆ ಸಹಿ ಹಾಕು ಅಂತ ಕೇಳೋ ಹಾಗಿಲ್ಲ, ವಿಚಾರಿಸೋವಾಗ ಅಪ್ಪ ಅಮ್ಮ ಪಕ್ಕದಲ್ಲಿ ಇರ್ಬೋದು. ಹೊರಗಡೆ ಬೆಂಚ್ ಮೇಲೆ ಕೂತ್ಕೊಂಡು ಟೀ ಕುಡ್ಕೊಂಡು ಕಾಯ್ಬೇಡ್ರಿ, ಒಳಗೆ ಹೋಗಿ ಕೂತ್ಕೊಳ್ಳಿ. ಪೊಲೀಸರ ಮುಂದೆ ಒಪ್ಕೊಂಡ ಮಾತು ಸಾಕ್ಷಿ ಆಗಲ್ಲ, ಅದು ದೊಡ್ಡವರಿಗೂ ಅಷ್ಟೇ. ಆದ್ರೆ ಸ್ಟೇಷನ್ನಲ್ಲಿ ಒಂದ್ಸಲ ಹೂಂ ಅಂದ ಹುಡುಗ ಮಂಡಳಿ ಮುಂದೇನೂ ಅದನ್ನೇ ಹೇಳ್ಬೇಕು ಅನ್ಕೊಂಡಿರ್ತಾನೆ, ಮಾತು ಬದಲಾಯ್ಸಿದ್ರೆ ಸುಳ್ಳು ಹೇಳ್ದಂಗಾಗುತ್ತೆ ಅನ್ನೋ ಭಯ, ಇದನ್ನ ಕೂರಿಸ್ಕೊಂಡು ಬಿಡಿಸಿ ಹೇಳ್ಬೇಕು.

ಲಾಯರ್ ಫೀಸಿಗೆ ದುಡ್ಡಿಲ್ಲ ಅನ್ನೋ ಮಾತೇ ಬೇಡ. ಮಕ್ಕಳಿಗೆ ಆದಾಯದ ಮಿತಿ ನೋಡ್ದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಫ್ರೀ ವಕೀಲರು ಸಿಗ್ತಾರೆ, 15100ಕ್ಕೆ ಫೋನ್ ಮಾಡಿದ್ರೂ ಆಯ್ತು. ವಕೀಲ್ರು ಸಿಕ್ಮೇಲೆ ಒಂದು ವಿಷಯಕ್ಕೆ ಹಠ ಹಿಡೀರಿ, ಅವ್ರು ಮಗು ಜೊತೇನೇ ಮಾತಾಡ್ಬೇಕು, ನಿಮ್ಮ ಜೊತೆ ಅಲ್ಲ. ಸ್ವಲ್ಪ ಹೊತ್ತು ನೀವು ಆಚೆ ಇರಿ. ಅಪ್ಪನ ಮುಂದೆ ಬಾಯ್ಬಿಡದ ಎಷ್ಟೋ ವಿಷಯ ಆಗ ಹೊರಗ್ ಬರುತ್ತೆ.

ಈಗ ಮುಖ್ಯವಾದ್ದು. ಮಗುಗೆ ಅರ್ಥ ಆಗಿದ್ಯಾ ಅಂತ ಕೇಳ್ಬೇಡಿ, ಆಯ್ತು ಅಂತಾನೇ ಹೇಳೋದು. ಅವನ ಬಾಯಲ್ಲೇ ತಿರುಗಿ ಹೇಳ್ಸಿ. ಸಕಲೇಶಪುರ ಕಡೆ ಒಂದು ತೋಟದ ಕಣದಿಂದ ಒಣಗಿಸಿದ್ದ ಮೆಣಸು ಹೋಯ್ತು ಅಂದ್ಕೊಳ್ಳಿ, ಎರಡು ಚೀಲ. ಹೇಳಿ ಕರ್ಕೊಂಡ್ ಹೋಗಿದ್ದು ಇಪ್ಪತ್ತೈದರ ಆಸಾಮಿ, ಜೀಪಿನ ತನಕ ಹೊತ್ತಿದ್ದು ನಮ್ ಹುಡುಗ.
‘ಏನ್ ಕೇಸಪ್ಪಾ ನಿನ್ ಮೇಲೆ?’
‘ಮೆಣಸು ಕದ್ದಿದ್ದು.’
‘ಕದ್ದಿದ್ಯಾ?’
‘ಚೀಲ ಹೊತ್ತಿದ್ದು ನಾನೇ ಅಣ್ಣ, ಮಾರಕ್ಕೆ ತಗೊಂಡ್ ಹೋಗ್ತಿದೀವಿ ಅಂತ ಅವ್ನು ಅಂದಿದ್ದ.’
ನೋಡಿ, ಹೊತ್ತಿದ್ದು ನಿಜ, ಆದ್ರೆ ಕದ್ದ ಮಾಲು ಅಂತ ಗೊತ್ತಿಲ್ದೆ ಹೊತ್ತಿದ್ರೆ ಅದು ಕಳ್ಳತನ ಆಗಲ್ಲ, ಅಪ್ರಾಮಾಣಿಕ ಉದ್ದೇಶ ಇರ್ಬೇಕು. ಮಂಡಳಿ ಮುಂದೆ ಈ ಹುಡುಗ ‘ಹೂಂ ಸಾರ್ ಮಾಡಿದೆ’ ಅಂದ್ರೆ ಹೊರೋದನ್ನ ಒಪ್ಕೊಂಡೆ ಅಂತ ಅವನ್ ಲೆಕ್ಕ, ಕಳ್ಳತನವನ್ನೇ ಒಪ್ಕೊಂಡ ಅಂತ ದಾಖಲೆ ಲೆಕ್ಕ. ಇಲ್ಲೇ ಎಡವಟ್ಟಾಗೋದು. (ಸಾಮಾನ್ಯವಾಗಿ ಇಂಥ ಸಣ್ಣ ಕೇಸಲ್ಲಿ ಮಕ್ಕಳ ಮೇಲೆ ಎಫ್ಐಆರ್ ಮಾಡಲ್ಲ, ದೊಡ್ಡವನ ಜೊತೆ ಸೇರಿ ಮಾಡಿದ್ದು ಅಂದಾಗ ಮಾಡ್ತಾರೆ, ಆಗಲೂ ಅವನ ವಿಚಾರಣೆ ಬೇರೆ ಕೋರ್ಟು, ಹುಡುಗಂದು ಮಂಡಳಿ.)

ಅದಾದ್ಮೇಲೆ ಇನ್ನೆರಡು ಕೇಳಿ, ಒಪ್ಕೊಂಡ್ರೆ ಏನಾಗುತ್ತೆ, ಒಪ್ಕೊಳ್ದಿದ್ರೆ ಏನಾಗುತ್ತೆ. ಎರಡನೇದಕ್ಕೆ ಬರೋ ಉತ್ತರ ಕೇಳಿದ್ರೆ ಹೊಟ್ಟೆ ಉರಿಯುತ್ತೆ, ‘ಜೈಲಿಗ್ ಹಾಕ್ತಾರೆ’, ‘ಬೇಲ್ ಕೊಡಲ್ಲ’, ‘ಜಡ್ಜ್ ಮೇಡಂಗೆ ಕೋಪ ಬರುತ್ತೆ’. ಯಾವುದೂ ನಿಜ ಅಲ್ಲ. ಬೇಲಿಗೂ ಒಪ್ಕೊಳ್ಳೋದಕ್ಕೂ ಸಂಬಂಧ ಇಲ್ಲ, ಜಾಮೀನು ಕೊಡದ ಅಪರಾಧ ಆದ್ರೂ ಮಗುಗೆ ಬೇಲ್ ಕೊಡೋದೇ ನಿಯಮ, ಕೊಡದೇ ಇದ್ರೆ ಮಂಡಳಿ ಕಾರಣ ಬರೀಬೇಕು. ಒಪ್ಕೊಳ್ದಿದ್ರೆ ಸಾಕ್ಷಿ ಕರೆಸಿ ವಿಚಾರಣೆ ಮಾಡ್ತಾರೆ, ಅದಕ್ಕೆ ಕಾಯ್ದೆ ಪ್ರಕಾರ ನಾಲ್ಕು ತಿಂಗಳು, ಬೇಕಾದ್ರೆ ಇನ್ನೆರಡು. ಮೂರು ವರ್ಷದವರೆಗಿನ ಶಿಕ್ಷೆ ಇರೋ ಸಣ್ಣ ಅಪರಾಧ ಅಷ್ಟರಲ್ಲೂ ಮುಗೀಲಿಲ್ಲ ಅಂದ್ರೆ ಕೇಸೇ ಕೈಬಿಡ್ಬೇಕು. ತಪ್ಪು ಮಾಡಿದಾನೆ ಅಂತ ತೀರ್ಮಾನ ಆದ್ರೆ ಬುದ್ಧಿ ಹೇಳಿ ಮನೆಗೆ ಕಳ್ಸೋದ್ರಿಂದ ಹಿಡಿದು ಕೌನ್ಸೆಲಿಂಗ್, ಸಮುದಾಯ ಸೇವೆ, ದಂಡ, ಪರಿವೀಕ್ಷಣೆ (ಪ್ರೊಬೇಷನ್), ಕೊನೇಗೆ ಮೂರು ವರ್ಷದವರೆಗೆ ವಿಶೇಷ ಗೃಹ (ಮಕ್ಕಳನ್ನ ಇಟ್ಟು ತಿದ್ದೋ ಜಾಗ), ಇಷ್ಟರಲ್ಲಿ ಏನಾದ್ರೂ ಆಗ್ಬೋದು. 16 ದಾಟಿದವ್ರ ಮೇಲೆ ಘೋರ ಅಪರಾಧದ (ಕಮ್ಮಿ ಅಂದ್ರೂ ಏಳು ವರ್ಷ ಶಿಕ್ಷೆ ಇರೋದು) ಆರೋಪ ಇದ್ರೆ ಲೆಕ್ಕಾನೇ ಬೇರೆ, ಅಲ್ಲಿ ವಕೀಲ್ರಿಲ್ದೆ ಒಂದ್ ಮಾತೂ ಆಡ್ಬಾರ್ದು.

ಅಮೆರಿಕಾದಲ್ಲಿ 2003ರಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಗ್ರಿಸ್ಸೊ ಮತ್ತೆ ಜೊತೆಯವ್ರು ಒಂದು ಅಧ್ಯಯನ ಪ್ರಕಟಿಸಿದ್ರು, 11ರಿಂದ 13ರ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ, 14-15ರವ್ರಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ ಕೋರ್ಟಲ್ಲಿ ಏನ್ ನಡೀತಿದೆ ಅಂತ ಹಿಡಿಯೋ ಶಕ್ತಿ ಸಾಲ್ದು ಅಂತ ಗೊತ್ತಾಯ್ತು. ಅಲ್ಲಿ ಶಿಕ್ಷೆ ಕಮ್ಮಿ ಮಾಡ್ತೀವಿ ಒಪ್ಕೋ ಅನ್ನೋ ಚೌಕಾಸಿ ಮಾಮೂಲಿ. ನಮ್ಮ ಕ್ರಿಮಿನಲ್ ಕಾನೂನಲ್ಲಿರೋ ಆ ಚೌಕಾಸಿ ಅಧ್ಯಾಯ ಮಕ್ಕಳಿಗೆ ಅನ್ವಯಿಸಲ್ಲ, ಹಂಗಾಗಿ ‘ಒಪ್ಕೊಂಡ್ರೆ ಇಷ್ಟು ಕಮ್ಮಿ ಮಾಡಿಸ್ತೀನಿ’ ಅಂತ ಯಾರಾದ್ರೂ ಬಂದ್ರೆ ನಂಬ್ಬೇಡಿ.

ಹಂಗಂತ ಮಾಡಿದ್ದನ್ನ ಮಾಡಿಲ್ಲ ಅನ್ನೋದು ಕಲಿಸ್ಬೇಡ್ರಪ್ಪ. ನಿಜವಾಗ್ಲೂ ಮಾಡಿದ್ದು ಹೌದು, ಹೇಳೋಕೆ ಅವನಿಗೇ ಮನಸ್ಸಿದೆ ಅಂದ್ರೆ ಎಷ್ಟು ಮಾಡಿದ್ನೋ ಅಷ್ಟನ್ನೇ ತನ್ನ ಮಾತಲ್ಲಿ ಹೇಳ್ಲಿ, ನಮ್ಮೂರ ಕನ್ನಡದಲ್ಲೇ ಹೇಳ್ಲಿ. ಮನೇಲಿ ತುಳುನೋ ಉರ್ದುನೋ ಲಂಬಾಣಿನೋ ಆಡೋ ಮಗು ಆದ್ರೆ ಭಾಷಾಂತರ ಮಾಡೋರನ್ನ ಕೇಳಿ, ಕೊಡ್ಬೇಕು ಅಂತ ಕಾಯ್ದೇಲೇ ಇದೆ. ಪ್ರಶ್ನೆ ಅರ್ಥ ಆಗ್ದಿದ್ರೆ ‘ಅರ್ಥ ಆಗ್ಲಿಲ್ಲ ಮೇಡಂ, ಇನ್ನೊಂದ್ಸಲ ಹೇಳಿ’ ಅನ್ನೋ ವಾಕ್ಯನ ಹಿಂದಿನ ರಾತ್ರಿ ಮನೇಲಿ ಜೋರಾಗಿ ಹೇಳ್ಸಿ ಅಭ್ಯಾಸ ಮಾಡ್ಸಿ.

ಆದೇಶ ಬಂದ ದಿನಾನೇ ಕಾಪಿಗೆ ಅರ್ಜಿ ಹಾಕಿ. ಮೇಲ್ಮನವಿಗೆ ಇರೋದು 30 ದಿನ, ಮಕ್ಕಳ ನ್ಯಾಯಾಲಯಕ್ಕೆ (ಮಂಡಳಿಗಿಂತ ಮೇಲಿನ, ಸೆಷನ್ಸ್ ಮಟ್ಟದ ಕೋರ್ಟು).