ಮಕ್ಕಳ ಕೀಲುವಾತಕ್ಕೆ ಶನಿವಾರ ರಾತ್ರಿಯ ಸೂಜಿ

"ಮಕ್ಕಳ ಕೀಲುವಾತ ನೋಡೋದು ಕಲಬುರಗಿಯಲ್ಲಿ ಆಗೋ ಕೆಲಸ ಅಲ್ರಿ, ಹೈದರಾಬಾದಿಗೆ ಕಳಿಸಿಬಿಡ್ರಿ" ಅಂದವರೇ ಈಗ ನನ್ನ ಹತ್ತಿರ ಮಕ್ಕಳನ್ನು ಕಳಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ಬರುವಷ್ಟರಲ್ಲಿ ಸುಮಾರು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಅಂದುಕೊಂಡು 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿ ಆಗಿರುತ್ತದೆ, ಇಲ್ಲವೇ ಸ್ಟೀರಾಯ್ಡ್ ತಿಂದು ಮುಖ ಊದಿರುತ್ತದೆ. ನಾನು ಬಗೆ ನೋಡಿ ಮದ್ದು ಕೊಡುತ್ತೇನೆ. ಒಂದೇ ಮೊಣಕಾಲು ಊದಿದ್ದರೆ ಕೀಲಿನೊಳಗೇ ಟ್ರಯಾಮ್ಸಿನೊಲೋನ್ ಅನ್ನೋ ಸ್ಟೀರಾಯ್ಡ್ ಸೂಜಿ. ಹಿಮ್ಮಡಿ ಹಿಡಿದುಕೊಂಡು ಬರುವ ದೊಡ್ಡ ಹುಡುಗರಿಗೆ ಸಲ್ಫಾಸಲಜೀನ್ ಗುಳಿಗೆ. ಐದಾರು ಕೀಲು ಆಗಿದ್ದರೆ ಮೆಥೊಟ್ರೆಕ್ಸೇಟ್, ವಾರಕ್ಕೊಮ್ಮೆ ಮಾತ್ರ, ಮೈಯ ಮೇಲ್ಮೈಯ ಚದರ ಮೀಟರಿಗೆ 10ರಿಂದ 15 ಮಿ.ಗ್ರಾಂ, ಜೊತೆಗೆ ಫೋಲಿಕ್ ಆಸಿಡ್. ದಿನಾ ಜ್ವರ, ಮೈಮೇಲೆ ಕೆಂಪು ಗಂದೆ ಇದ್ದವರನ್ನು ಮಾತ್ರ ಇಟ್ಟುಕೊಳ್ಳುವುದಿಲ್ಲ, ಮುಂದಕ್ಕೆ ಕಳಿಸುತ್ತೇನೆ.

ಸೋತಿದ್ದೆಲ್ಲ ಮೆಥೊಟ್ರೆಕ್ಸೇಟ್ ಗುಳಿಗೆಯಲ್ಲೇ. ಮೂರ್ನಾಲ್ಕು ತಿಂಗಳಾಗುವಷ್ಟರಲ್ಲಿ ಮಕ್ಕಳು ಆ ಹಳದಿ ಬಣ್ಣ ಕಂಡರೇ ವಾಂತಿ ಮಾಡುತ್ತಾರೆ. ಆಳಂದ ಕಡೆಯ ಒಬ್ಬ ಹುಡುಗ ತಾಟಿನಲ್ಲಿ ತೊಗರಿ ಬ್ಯಾಳಿ ನೋಡಿದರೂ ಓಕರಿಸುತ್ತಿದ್ದ. "ಇಂವಾ ಬ್ಯಾಳಿ ಬಿಟ್ಟಾನ್ರೀ ಡಾಕ್ಟ್ರೇ, ರೊಟ್ಟಿ ಎದರಾಗ ತಿನ್ನಬೇಕ್ರಿ?" ಅಂತ ಅವರವ್ವನ ಜಗಳ. ಗುಳಿಗೆ ಬಿಡಿಸಿ ಚರ್ಮದಡಿ ಸೂಜಿಗೆ ಬದಲಾಯಿಸಿದೆ. ಸಿರಿಂಜಿಗೆ ಬಿಳಿ ಪ್ಲಾಸ್ಟರ್ ಸುತ್ತಿದೆ, ಹಳದಿ ಕಾಣಬಾರದು. ದಿನ ಶನಿವಾರ ರಾತ್ರಿ. ಹೊಟ್ಟೆ ತೊಳಸಿದರೂ ಐತವಾರಕ್ಕೇ ಮುಗಿಯುತ್ತದೆ, ಶಾಲೆ ತಪ್ಪುವುದಿಲ್ಲ. ಚುಚ್ಚುವ ಮುಂಚೆ ಮಗುವಿನ ಹತ್ತಿರ ಏನು ಮಾಡಿಸುತ್ತೇನೆ ಅನ್ನೋದು ನನ್ನ ಗುಟ್ಟು, ಬಂದು ನೋಡಿ!

ಖರ್ಚು? ಮದ್ದು ವಾರಕ್ಕೆ ನೂರು ರೂಪಾಯಿ ದಾಟುವುದಿಲ್ಲ. ರಕ್ತ ಪರೀಕ್ಷೆ, ಬಸ್ ಚಾರ್ಜು, ಅಪ್ಪನ ಒಂದು ದಿನದ ಕೂಲಿ, ಇವೇ ಜಾಸ್ತಿ. ಹಾಗಾಗಿ ಮದ್ದು ಹೊಂದಿಕೊಂಡ ಮೇಲೆ ಮೂರು ತಿಂಗಳಿಗೊಮ್ಮೆ ಕರೆಸುತ್ತೇನೆ. ಅದೇ ದಿನ ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣೊಳಗೆ ನೋಡುವ ಸೂಕ್ಷ್ಮದರ್ಶಕ) ಕಣ್ಣಿನ ಪರೀಕ್ಷೆಯೂ ಆಗಿಬಿಡುತ್ತದೆ. ಈ ಕಾಯಿಲೆಯಲ್ಲಿ ಕಣ್ಣು ಕೆಂಪಾಗದೇನೇ ಒಳಗೆ ಉರಿಯೂತ ಬರಬಹುದು. ಕಣ್ಣಿನ ಡಾಕ್ಟರ್ ಮೊದಮೊದಲು ನಗುತ್ತಿದ್ದರು, ಕಣ್ಣು ಕೆಂಪೇ ಇಲ್ಲವಲ್ಲ ಅಂತ. ಎಎನ್‌ಎ ಅನ್ನೋ ರಕ್ತ ಪರೀಕ್ಷೆ (ಕಣ್ಣಿಗೆ ಅಪಾಯ ಹೆಚ್ಚು ಅಂತ ಸೂಚಿಸುವುದು) ಪಾಸಿಟಿವ್ ಇದ್ದ ಪುಟ್ಟ ಹುಡುಗಿಯೊಬ್ಬಳಿಗೆ ಒಳಗಡೆ ಉರಿಯೂತ ಕಂಡಮೇಲೆ ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ನಡುವೆ ಇನ್ನೊಂದು ಮಾಡಿ ನೋಡಿದೆ. ಬೆಳಗಿನ ಬಿಗಿತಕ್ಕೆ ಬಟ್ಟೆ ಚೀಲದಲ್ಲಿ ಜೋಳ ಬಿಸಿ ಮಾಡಿ ಶಾಖ. ಉಸುಕಿಗಿಂತ ಹಗುರ, ಮಕ್ಕಳು ಬೇಡ ಅನ್ನುವುದಿಲ್ಲ. ಏಪ್ರಿಲ್ ಬಂದರೆ ಯಾರೂ ಮುಟ್ಟುವುದಿಲ್ಲ, ಕಲಬುರಗಿ ಬಿಸಿಲು ಗೊತ್ತಲ್ವಾ?

ಅಡಲಿಮುಮಾಬ್‌ವರೆಗೆ ಹೋದವರು ಕೆಲವೇ ಮಂದಿ. ಅದು ಉರಿಯೂತದ ಜೊತೆ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುವ ಸೂಜಿ. ಸಾವಿರಗಟ್ಟಲೆ ದುಡ್ಡು. ಶುರು ಮಾಡುವ ಮುಂಚೆ ಟಿಬಿ ಇಲ್ಲ ಅಂತ ನೋಡಿಕೊಳ್ಳಲೇಬೇಕು, ನಮ್ಮ ಕಡೆಯಂತೂ.