ಮಣ್ಣು ದಾರಿಗೆ ಬೈಕ್ ಇಳಿಸೋ ಮುಂಚೆ: ಜಿಪಿಎಸ್ ಮ್ಯಾಪ್ ಆರಿಸ್ಕೊಳ್ಳೋದು ಹೇಗೆ?

ಹೋದ ನವೆಂಬರಲ್ಲಿ ಸಕಲೇಶಪುರದ ಹೆತ್ತೂರು ದಾಟಿ ಸ್ವಲ್ಪ ಮುಂದೆ ಒಂದು ಎಸ್ಟೇಟ್ ಗೇಟ್ ಮುಂದೆ ನಾನೂ ನನ್ನ ಗೆಳೆಯನೂ ಬೈಕ್ ಆಫ್ ಮಾಡ್ಕೊಂಡು ಅರ್ಧ ಗಂಟೆ ನಿಂತಿದ್ವಿ. ಮೊಬೈಲಲ್ಲಿ ದಾರಿ ನೀಟಾಗಿ ಗೇಟ್ ಒಳಗಿಂದ ಹಾದು ಆಚೆ ಊರು ಸೇರ್ತಿತ್ತು, ಎರಡು ಕಿಲೋಮೀಟರು, ಆರು ನಿಮಿಷ ಅಂತ ಬೇರೆ ತೋರಿಸ್ತಿತ್ತು. ಗೇಟಿಗೆ ನೋಡಿದ್ರೆ ತುಕ್ಕು ಹಿಡಿದ ಬೀಗ. ಕೊನೆಗೆ ಕಾಫಿ ಗಿಡಗಳ ಸಂದಿಯಿಂದ ತೋಟದ ಲೆಕ್ಕ ನೋಡ್ಕೊಳ್ಳೋ ರೈಟರ್ ಬಂದ್ರು. "ಎಲ್ಲಿಗೆ ಹೊರಟ್ರಿ ಮಾರಾಯ್ರೆ? ಆಚೆ ಹಳ್ಳದ ಮೇಲಿನ ಮೋರಿ ಕೊಚ್ಕೊಂಡು ಹೋಗಿ ಎರಡು ಮಳೆಗಾಲ ಆಯ್ತು, ನಮ್ ಜೀಪೇ ಹೋಗಲ್ಲ ಅಲ್ಲಿ" ಅಂದ್ರು. ವಾಪಸ್ ಬಂದ ದಾರಿ 38 ಕಿಲೋಮೀಟರು, ಪೆಟ್ರೋಲು ರಿಸರ್ವಿಗೆ ಬಂದಿತ್ತು.

ಬೈದಿದ್ದು ಮ್ಯಾಪನ್ನೇ, ಆದ್ರೆ ತಪ್ಪು ನಂದೇ ಅನ್ನೋದು ಮನೆಗೆ ಬಂದು ಕೂತಾಗ ಗೊತ್ತಾಯ್ತು. ಒಂದೇ ಆ್ಯಪ್ ನೋಡಿ ಹೊರಟಿದ್ದೆ. ಮಣ್ಣು ದಾರಿಗೆ ಒಂದು ಮ್ಯಾಪ್ ಸಾಲಲ್ಲ, ಬೇರೆ ಬೇರೆ ಕಡೆಯಿಂದ ಬಂದ ಎರಡು ಮ್ಯಾಪ್ ಜಗಳ ಆಡೋ ಜಾಗ ಎಲ್ಲಿದೆಯೋ ಅಲ್ಲೇ ನಿಮ್ಮ ಟ್ರಿಪ್ ಕೈ ಕೊಡೋದು, ಆ ಜಾಗನ ಮನೇಲೇ ಹುಡುಕ್ಕೋಬೇಕು. ಅದು ಹೇಗೆ ಅಂತ ಒಂದೊಂದಾಗಿ ಬರೀತೀನಿ.

ಮೊದಲು ಜಿಪಿಎಸ್ ಬೇರೆ, ಮ್ಯಾಪ್ ಬೇರೆ ಅಂತ ತಿಳ್ಕೊಳ್ಳಿ

"ಅಲ್ಲಿ ನೆಟ್‌ವರ್ಕ್ ಇರಲ್ಲ, ಜಿಪಿಎಸ್ ಹೆಂಗೆ ಕೆಲಸ ಮಾಡತ್ತೆ?" ಅಂತ ಇವತ್ತಿಗೂ ಜನ ಕೇಳ್ತಾರೆ. ಜಿಪಿಎಸ್‌ಗೂ ಸಿಮ್ಮಿಗೂ ಸಂಬಂಧ ಇಲ್ಲ. ನಿಮ್ಮ ಫೋನು ಮೇಲಿರೋ ಸ್ಯಾಟಲೈಟ್‌ಗಳ ಸಿಗ್ನಲ್ ಕೇಳಿಸ್ಕೊಳ್ಳತ್ತೆ ಅಷ್ಟೇ, ನಾಲ್ಕು ಸಿಕ್ಕಿದ್ರೆ ನೀವು ಎಲ್ಲಿದೀರಿ, ಎಷ್ಟು ಎತ್ತರದಲ್ಲಿದೀರಿ ಲೆಕ್ಕ ಹಾಕತ್ತೆ. ಅಮೆರಿಕದ ಜಿಪಿಎಸ್ ಜೊತೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೇಯ್ಡೌ, ನಮ್ಮ ಇಸ್ರೋದ ನಾವಿಕ್ ಇವೆಲ್ಲಾ ಈಗಿನ ಎಷ್ಟೋ ಫೋನಲ್ಲಿ ಸಿಗತ್ತೆ. ನೆಟ್‌ವರ್ಕ್ ಇಲ್ದಾಗ ಮೊದಲ ಸಲ ಜಾಗ ಹಿಡಿಯೋಕೆ ಒಂದೆರಡು ನಿಮಿಷ ಜಾಸ್ತಿ ತಗೊಳ್ಳಬಹುದು, ಅದಕ್ಕೇ ಸಿಗ್ನಲ್ ಇರೋ ಊರಲ್ಲೇ ಆ್ಯಪ್ ಓಪನ್ ಮಾಡಿ ಆಮೇಲೆ ಕಾಡಿನ ಕಡೆ ತಿರುಗಿ. ದಟ್ಟ ಮರ, ಕಡಿದಾದ ಕಣಿವೆ ಇದ್ದಲ್ಲಿ ನೀಲಿ ಚುಕ್ಕಿ ದಾರಿ ಬಿಟ್ಟು ಹತ್ತಿಪ್ಪತ್ತು ಮೀಟರ್ ಆಚೀಚೆ ಓಡಾಡತ್ತೆ, ಗಾಬರಿ ಬೀಳೋದು ಬೇಡ.

ನೆಟ್‌ವರ್ಕ್ ಹೋದಾಗ ಕೈ ಕೊಡೋದು ಹಿಂದೆ ಕಾಣೋ ಚಿತ್ರ, ಅಂದ್ರೆ ಮ್ಯಾಪು. ಆರಿಸ್ಕೋಬೇಕಾಗಿರೋದೂ ಅದನ್ನೇ.

ಕಾರಿನ ಮ್ಯಾಪನ್ನ ಹೈವೇಗೆ ಇಟ್ಕೊಳ್ಳಿ

ಬೆಂಗಳೂರಿಂದ ಸಕಲೇಶಪುರದ ತನಕ ಗೂಗಲ್ ಮ್ಯಾಪ್ಸ್ ಸಾಕು, ಟ್ರಾಫಿಕ್ ಹೇಳತ್ತೆ, ಬಂಕ್ ಹೇಳತ್ತೆ, ಯಾವ ಹೋಟೆಲ್ ತೆಗ್ದಿದೆ ಅಂತಾನೂ ಹೇಳತ್ತೆ. 2017ರಲ್ಲಿ ನಮ್ಮ ದೇಶಕ್ಕೆ ಅಂತ ಟೂ ವೀಲರ್ ಮೋಡ್ ಕೂಡ ತಂದ್ರು, ಆದ್ರೆ ಅದರ ಉದ್ದೇಶ ಊರೊಳಗಿನ ಟ್ರಾಫಿಕ್‌ನಿಂದ ಬೇಗ ಪಾರು ಮಾಡೋದು, ಕೆಮ್ಮಣ್ಣಿನ ಏರು ಹತ್ತಿಸೋದಲ್ಲ. ಇಂಥ ಮ್ಯಾಪಲ್ಲಿ ಟಾರ್ ಹಾಕಿರೋ ಪಂಚಾಯ್ತಿ ರಸ್ತೆ, ಜಲ್ಲಿ ಮಾತ್ರ ಹಾಕಿರೋ ರಸ್ತೆ, ತೋಟದ ಟ್ರ್ಯಾಕ್ಟರ್ ದಾರಿ ಎಲ್ಲಾ ಹೆಚ್ಚುಕಮ್ಮಿ ಒಂದೇ ಥರ ಕಾಣತ್ತೆ. ನಮಗೆ ಬೇಕಾಗಿರೋದೇ ಆ ವ್ಯತ್ಯಾಸ.

ಓಪನ್ ಸ್ಟ್ರೀಟ್ ಮ್ಯಾಪ್ ಇರೋ ಆ್ಯಪ್ ಒಂದು ಹಾಕ್ಕೊಳ್ಳಿ

ಓಪನ್ ಸ್ಟ್ರೀಟ್ ಮ್ಯಾಪ್ ಅನ್ನೋದು 2004ರಲ್ಲಿ ಇಂಗ್ಲೆಂಡಲ್ಲಿ ಶುರುವಾದ, ಜನರೇ ಸೇರಿ ಬರೆಯೋ ಮ್ಯಾಪು, ವಿಕಿಪೀಡಿಯ ಇದ್ದಂಗೆ. ನಾವು ನೀವೂ ಬರೀಬಹುದು. ಇದರಲ್ಲಿ ಮಣ್ಣು ದಾರಿಗೆ ಗ್ರೇಡ್ ಇದೆ, ಗ್ರೇಡ್ 1 ಅಂದ್ರೆ ಗಟ್ಟಿ ದಾರಿ, ಗ್ರೇಡ್ 5 ಅಂದ್ರೆ ಬರೀ ಮಣ್ಣು ಹುಲ್ಲು, ಮಳೆ ಬಂದ್ರೆ ಟೈರ್ ಹೂತುಹೋಗೋ ಥರದ್ದು. ಮೇಲ್ಮೈ ಏನು, ಗೇಟ್ ಇದೆಯಾ, ಖಾಸಗಿ ದಾರಿನಾ ಅಂತಾನೂ ಬರೆಯೋಕೆ ಜಾಗ ಇದೆ. ಇಲ್ಲಿ ಒಂದು ವಿಷಯ ತಲೇಲಿರ್ಲಿ: ನಮ್ಮ ಮಲೆನಾಡಿನ ಬಹಳಷ್ಟು ದಾರಿಗೆ ಯಾರೂ ಗ್ರೇಡ್ ಬರೆದಿಲ್ಲ. ಬರೆದಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ, ಯಾರೂ ನೋಡಿಲ್ಲ ಅಂತ ಅರ್ಥ.

ಇದೇ ಮ್ಯಾಪನ್ನ ಬೇರೆ ಬೇರೆ ಆ್ಯಪ್‌ಗಳು ಬೇರೆ ಬೇರೆ ಬಟ್ಟೆ ಹಾಕಿ ತೋರಿಸ್ತವೆ. ಹೊಸಬರಿಗೆ ನಾನು ಹೇಳೋದು ಆರ್ಗ್ಯಾನಿಕ್ ಮ್ಯಾಪ್ಸ್, ದುಡ್ಡಿಲ್ಲ, ಜಾಹೀರಾತಿಲ್ಲ, ಪೂರ್ತಿ ಆಫ್‌ಲೈನ್, ಹತ್ತು ನಿಮಿಷದಲ್ಲಿ ಕಲೀಬಹುದು. ಓಸ್ಮ್ಯಾಂಡ್ ಅಂತ ಇನ್ನೊಂದಿದೆ, ಅದು ವಿಮಾನದ ಕಾಕ್‌ಪಿಟ್ ಥರ, ಮೆನು ಒಳಗೆ ಮೆನು, ಮೊದಲ ವಾರ ಸಿಟ್ಟು ಬರತ್ತೆ, ಒಮ್ಮೆ ಕೈಗೆ ಹತ್ತಿದ್ರೆ ಬಿಡೋಕಾಗಲ್ಲ. ಕರ್ನಾಟಕದ ಮ್ಯಾಪ್ ಫೈಲ್ ಇಳಿಸ್ಕೊಳ್ಳಿ, ಕೊಡಗು ಕಡೆ ಹೋಗೋರು ಕೇರಳದ್ದೂ ಇಳಿಸ್ಕೊಳ್ಳಿ, ಗಡಿಯಲ್ಲಿ ಮ್ಯಾಪ್ ಖಾಲಿ ಆದ್ರೆ ಮಜಾ ಇರಲ್ಲ.

ಇಳಿಸಿದ ಮೇಲೆ ಏರೋಪ್ಲೇನ್ ಮೋಡ್ ಹಾಕಿ ಮನೆ ಸುತ್ತ ಒಂದು ರೌಂಡ್ ಹೋಗಿ ಬನ್ನಿ. ಚುಕ್ಕಿ ಸರೀತಿದೆಯಾ, ಝೂಮ್ ಮಾಡಿದ್ರೆ ಸಣ್ಣ ಗಲ್ಲಿ ಕಾಣತ್ತಾ ನೋಡಿ. ಈ ಟೆಸ್ಟ್ ಮಾಡ್ದೇನೇ ಹೊರಟು ಘಾಟಿಯಲ್ಲಿ ಬರೀ ಬಿಳಿ ಸ್ಕ್ರೀನ್ ನೋಡಿದವರು ನನ್ನ ಪರಿಚಯದಲ್ಲೇ ಮೂರು ಜನ ಇದಾರೆ.

ಗೆರೆ ಎಣಿಸೋದು ಕಲೀರಿ

ನನ್ನ ಮಟ್ಟಿಗೆ ಇದೇ ಮುಖ್ಯ, ಜನ ಬಿಡೋದೂ ಇದನ್ನೇ. ಹೈಸ್ಕೂಲ್ ಸಮಾಜ ಪುಸ್ತಕದಲ್ಲಿ ಸಮೋನ್ನತ ರೇಖೆ ಅಂತ ಓದಿರ್ತೀವಲ್ಲ, ಕಾಂಟೂರ್ ಲೈನು, ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಕಂದು ಗೆರೆ. ಪರೀಕ್ಷೆ ಮುಗಿದ ಮೇಲೆ ಎಲ್ಲಾ ಮರ್ತಿರ್ತೀವಿ. ಆರ್ಗ್ಯಾನಿಕ್ ಮ್ಯಾಪ್ಸಲ್ಲಿ ಇದು ಫ್ರೀ, ಲೇಯರ್ ಬಟನ್ ಒತ್ತಿ ಆನ್ ಮಾಡ್ಕೊಳ್ಳಿ, ಓಸ್ಮ್ಯಾಂಡಲ್ಲಿ ದುಡ್ಡು ಕೊಡ್ಬೇಕಾಗತ್ತೆ.

ಈಗ ಆ ಎಸ್ಟೇಟ್ ದಾರಿನೇ ತಗೊಳ್ಳಿ. ಮನೆಗೆ ಬಂದ ಮೇಲೆ ಝೂಮ್ ಮಾಡಿ ಕೂತೆ, ಗೇಟ್ ದಾಟಿದ ಮೇಲೆ ಹಳ್ಳದ ತನಕ ಒಂದು ಕಿಲೋಮೀಟರ್ ದಾರಿ ಎಂಟು ಗೆರೆ ಕತ್ತರಿಸ್ತಿತ್ತು. ಗೆರೆ ಗೆರೆಗೆ 20 ಮೀಟರ್ ಅಂತರ. ಎಂಟು ಇಪ್ಪತ್ಲೆ ನೂರಾ ಅರವತ್ತು, ಸಾವಿರ ಮೀಟರಿಗೆ 160 ಮೀಟರ್ ಇಳಿಜಾರು, ನೂರಕ್ಕೆ ಹದಿನಾರು. ಒಣಗಿದ್ದಾಗ ಹೆಂಗೋ ಇಳೀಬಹುದು, ನವೆಂಬರಲ್ಲಿ ಪಾಚಿ ಕಟ್ಟಿರೋ ಕೆಮ್ಮಣ್ಣಿನ ಮೇಲೆ ಲಗೇಜ್ ಹಾಕಿರೋ ಇನ್ನೂರು ಕೇಜಿ ಬೈಕು, ಮುಂದಿನ ಬ್ರೇಕ್ ಮುಟ್ಟಿದ್ರೆ ಮಲಗತ್ತೆ. ಇಳಿದಿದ್ರೂ ತಳದಲ್ಲಿ ಮೋರಿ ಇಲ್ಲ, ವಾಪಸ್ ಹತ್ತಬೇಕಿತ್ತು. ಆ ಬೀಗ ನಮ್ಮನ್ನ ಉಳಿಸಿದ್ದು ಅಂತ ಅವತ್ತು ಅರ್ಥ ಆಯ್ತು. ದಾರಿ ಗೆರೆಗಳ ಜೊತೆಜೊತೆಗೇ ಹೋಗ್ತಿದ್ರೆ ಅದು ಗುಡ್ಡದ ಸೊಂಟ ಸುತ್ತಿ ಹೋಗೋ ಸಮದಾರಿ, ಗೆರೆಗಳನ್ನ ಅಡ್ಡ ಕತ್ತರಿಸ್ತಿದ್ರೆ ಏರೋ ಇಳಿಜಾರೋ. ಗೆರೆ ಒತ್ತೊತ್ತಾಗಿದ್ದಷ್ಟೂ ಕಡಿದು. ಅಂತರ ಎಷ್ಟು ಅಂತ ಆ್ಯಪಿಂದ ಆ್ಯಪಿಗೆ, ಝೂಮಿಂದ ಝೂಮಿಗೆ ಬದಲಾಗತ್ತೆ, ಗೆರೆ ಮೇಲೆ ಬರೆದಿರೋ ನಂಬರ್ ನೋಡ್ಕೊಂಡೇ ಎಣಿಸಿ.

ಪೂರ್ತಿ ನಂಬೋಕೂ ಹೋಗ್ಬೇಡಿ. ಇಂಥ ಫ್ರೀ ಗೆರೆಗಳಲ್ಲಿ ಬಹಳಷ್ಟು 2000ನೇ ಇಸವಿ ಫೆಬ್ರವರಿಯಲ್ಲಿ ಅಮೆರಿಕದ ಸ್ಪೇಸ್ ಶಟಲ್ ರಾಡಾರ್ ಹಾಕಿ ಅಳೆದ ಲೆಕ್ಕದಿಂದ ಬಂದಿರೋದು, 30 ಮೀಟರಿಗೆ ಒಂದು ಅಳತೆ, ದಟ್ಟ ಕಾಡಿದ್ದಲ್ಲಿ ರಾಡಾರ್ ನೆಲ ಮುಟ್ಟದೆ ಮರದ ಎತ್ತರವನ್ನೂ ಸೇರಿಸ್ಕೊಂಡಿರತ್ತೆ. ಸಣ್ಣ ಕೊರಕಲು ಇದರಲ್ಲಿ ಕಾಣಲ್ಲ.

ಎರಡನೇ ಸಾಕ್ಷಿ ಕರೀರಿ

ಸಂಶಯ ಇರೋ ತುಂಡನ್ನ ಸ್ಯಾಟಲೈಟ್ ಫೋಟೋದಲ್ಲಿ ನೋಡಿ. ಕಂಪ್ಯೂಟರ್ ಇದ್ರೆ ಗೂಗಲ್ ಅರ್ಥ್ ಪ್ರೊ ಹಾಕ್ಕೊಳ್ಳಿ, ಅದು ಫ್ರೀ, ಅದರಲ್ಲಿ ಹಳೇ ಫೋಟೋಗಳಿಗೆ ಹಿಂದೆ ಹೋಗೋ ಸೌಲಭ್ಯ ಇದೆ. ಜನವರಿಯಿಂದ ಏಪ್ರಿಲ್ ಒಳಗಿನ ಫೋಟೋ ಆರಿಸಿ, ಮೋಡ ಇರಲ್ಲ, ಹುಲ್ಲು ಒಣಗಿ ದಾರಿ ಕೆಂಪಗೆ ಎದ್ದು ಕಾಣತ್ತೆ. ಮೂರು ವರ್ಷದ ಹಿಂದಿನ ಫೋಟೋದಲ್ಲಿ ಕೆಂಪು ಗೆರೆ ಇದ್ದು ಹೊಸದರಲ್ಲಿ ಹಸಿರಾಗಿದ್ರೆ ಅಲ್ಲಿ ಗಾಡಿ ಓಡಾಟ ನಿಂತಿದೆ ಅಂತ. ಕಾಫಿ ತೋಟದಲ್ಲಿ ಮಾತ್ರ ಈ ಆಟ ನಡೆಯಲ್ಲ, ಸಿಲ್ವರ್ ಓಕ್ ನೆರಳು ಎಲ್ಲಾ ಮುಚ್ಚಿಬಿಡತ್ತೆ.

ಇನ್ನೊಂದು ಸಾಕ್ಷಿ ಕೇಂದ್ರ ಸರ್ಕಾರದ ಮ್ಯಾಪ್ ಇಲಾಖೆ ಸರ್ವೆ ಆಫ್ ಇಂಡಿಯಾ, 1767ರಿಂದ ಇದೇ ಕೆಲಸ ಮಾಡ್ತಿರೋರು. ಅವರ 1:50,000 ಟೋಪೋ ಶೀಟು, ಅಂದ್ರೆ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್ ಲೆಕ್ಕದಲ್ಲಿ ಗುಡ್ಡ ಹಳ್ಳ ಎಲ್ಲಾ ಬರೆದಿರೋ ಮ್ಯಾಪು, ಆನ್‌ಲೈನಲ್ಲಿ ಪಿಡಿಎಫ್ ಆಗಿ ಇಳಿಸ್ಕೋಬಹುದು. ಹಳೇ ಬಂಡಿ ದಾರಿ, ಕಾಲುದಾರಿ, ಹಳ್ಳ ಇದರಷ್ಟು ಚೆನ್ನಾಗಿ ಬೇರೆಲ್ಲೂ ಸಿಗಲ್ಲ, ಹೊಸ ರಸ್ತೆಗೆ ಮಾತ್ರ ನೆಚ್ಕೋಬೇಡಿ. ಯಾರದೋ ಹತ್ರ ಸಿಕ್ಕಿದ ತುಂಬಾ ಹಳೇ ಶೀಟ್ ಸ್ಕ್ಯಾನ್ ಮಾಡಿ ಫೋನಿಗೆ ಹಾಕಿದ್ರೆ ಜಿಪಿಎಸ್ ಚುಕ್ಕಿ ನೂರು ಮೀಟರಿಗೂ ಮೇಲೆ ಜರುಗಿ ಕೂರತ್ತೆ, ಯಾಕಂದ್ರೆ ಹಳೇ ಶೀಟುಗಳು ಭೂಮಿಯ ಆಕಾರಕ್ಕೆ ಜಿಪಿಎಸ್ ಬಳಸೋ ಲೆಕ್ಕ ಬಿಟ್ಟು ಎವರೆಸ್ಟ್ ಅನ್ನೋ ಬೇರೆ ಲೆಕ್ಕದ ಮೇಲೆ ಮಾಡಿದ್ದು.

ಇನ್ನು ನಮ್ಮ ಕರ್ನಾಟಕದವರಿಗೆ ಸಿಕ್ಕಿರೋ ಭಾಗ್ಯ ದಿಶಾಂಕ್ ಆ್ಯಪು. ಜಮೀನು ತಗೊಳ್ಳೋರಿಗೆ ಅಂತ ಮಾಡಿದ್ದು, ಬೈಕಿನವರು ಯಾಕೋ ಬಳಸಲ್ಲ. ಮ್ಯಾಪಲ್ಲಿ ಜಾಗ ಮುಟ್ಟಿದ್ರೆ ಊರು, ಹೋಬಳಿ, ಸರ್ವೆ ನಂಬರ್ ಬರತ್ತೆ. ನಿಮ್ಮ ದಾರಿ ಯಾರದೋ ಹಿಡುವಳಿ ಒಳಗೆ ಹೋಗ್ತಿದೆಯಾ ಸರ್ಕಾರಿ ಜಾಗದಲ್ಲಾ ಅನ್ನೋ ಅಂದಾಜು ಸಿಕ್ಬಿಡತ್ತೆ. ಇದಕ್ಕೆ ನೆಟ್ ಬೇಕು, ಮನೇಲೇ ನೋಡ್ಕೊಳ್ಳಿ.

ಮೀಸಲು ಅರಣ್ಯದ ಹಸಿರು ಬಣ್ಣ ಕಂಡ್ರೆ ಅಲ್ಲಿಗೆ ನಿಲ್ಸಿ, ಅನುಮತಿ ಇಲ್ದೆ ನುಗ್ಗಿದ್ರೆ ಕೇಸು, ಬೈಕೂ ಹೋಗತ್ತೆ. ಟಾರ್ ರಸ್ತೆಗೂ ಟೈಮ್ ಇರತ್ತೆ, ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗೇಟ್ ಹಾಕಿರ್ತಾರೆ ಅನ್ನೋದು ನಿಮ್ಮ ಆಫ್‌ಲೈನ್ ಮ್ಯಾಪಿಗೆ ಗೊತ್ತಿರ್ಲೇಬೇಕು ಅಂತೇನಿಲ್ಲ.

ಟ್ರ್ಯಾಕ್ ಹಾಕಿ, ರೂಟ್ ಹಾಕ್ಬೇಡಿ

ಗೆಳೆಯರು ವಾಟ್ಸಾಪಲ್ಲಿ ಜಿಪಿಎಕ್ಸ್ ಫೈಲ್, ಅಂದ್ರೆ ಜಾಗ, ದಾರಿ ಉಳಿಸಿಡೋ ಫೈಲ್ ಕಳಿಸ್ತಾರಲ್ಲ, ಅದರೊಳಗೆ ಮೂರು ಥರ ಇರಬಹುದು. ವೇಪಾಯಿಂಟ್ ಅಂದ್ರೆ ಒಂಟಿ ಗುರುತು. ಟ್ರ್ಯಾಕ್ ಅಂದ್ರೆ ಯಾರೋ ನಿಜವಾಗ್ಲೂ ಓಡಿಸಿದ ದಾರಿಯ ಚುಕ್ಕಿಸಾಲು. ರೂಟ್ ಅಂದ್ರೆ ನಾಲ್ಕಾರು ಗುರುತು ಕೊಟ್ಟು ಮಧ್ಯದ್ದನ್ನ ನೀನೇ ಹುಡ್ಕೋ ಅಂತ ಆ್ಯಪಿಗೆ ಬಿಡೋದು. ನಿಮ್ಮ ಆ್ಯಪ್ ತನ್ನದೇ ಬುದ್ಧಿ ಓಡಿಸಿ ಬೇರೆ ದಾರಿ ತೋರಿಸಿದ್ರೆ ತಂಡ ಅರ್ಧ ಈ ಕಡೆ ಅರ್ಧ ಆ ಕಡೆ. ಮಣ್ಣು ದಾರಿಗೆ ಟ್ರ್ಯಾಕೇ ಸರಿ. ಯಾವ ತಿಂಗಳಲ್ಲಿ ರೆಕಾರ್ಡ್ ಮಾಡಿದ್ದು ಅಂತ ಕೇಳಿ, ಮಾರ್ಚ್ ಟ್ರ್ಯಾಕ್ ಹಿಡ್ಕೊಂಡು ಜುಲೈನಲ್ಲಿ ಹೋದ್ರೆ ಹಳ್ಳದಲ್ಲಿ ಸೊಂಟದ ತನಕ ನೀರಿರತ್ತೆ.

ಬಾಯಲ್ಲಿ ಹೇಳಿದ ಲೊಕೇಶನ್ ನಂಬರ್ ಬರ್ಕೊಳ್ಳೋವಾಗ ಹುಷಾರು. 12 ಡಿಗ್ರಿ 30 ನಿಮಿಷ ಅಂದಿದ್ದನ್ನ 12.30 ಅಂತ ಟೈಪ್ ಮಾಡಿದ್ರಿ ಅಂದ್ಕೊಳ್ಳಿ, 30 ನಿಮಿಷ ಅಂದ್ರೆ ಅರ್ಧ ಡಿಗ್ರಿ, ಅದು 12.50 ಆಗ್ಬೇಕು. ವ್ಯತ್ಯಾಸ ಸುಮಾರು 22 ಕಿಲೋಮೀಟರು.

ಫೋನಾ, ಬೇರೆ ಡಿವೈಸಾ

ವರ್ಷಕ್ಕೆ ನಾಲ್ಕೈದು ಸಲ ಹೋಗೋರಿಗೆ ಫೋನ್ ಸಾಕು, ಆದ್ರೆ ನಿಮ್ಮ ದುಬಾರಿ ಫೋನನ್ನ ಹ್ಯಾಂಡಲಿಗೆ ಕಟ್ಬೇಡಿ. ಬೈಕ್ ಇಂಜಿನ್ನಿನ ವೈಬ್ರೇಶನ್ನಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿನೇ 2021ರಲ್ಲಿ ಹೇಳಿದೆ. ಮನೇಲಿ ಬಿದ್ದಿರೋ ಹಳೇ ಆಂಡ್ರಾಯ್ಡಿಗೆ ಮ್ಯಾಪ್ ತುಂಬ್ಸಿ ಕಟ್ಟಿ, ಸಿಮ್ ಇರೋ ಫೋನು ಜೇಬಲ್ಲಿರ್ಲಿ. ಮಳೆ ಹನಿ ಬಿದ್ರೆ ಟಚ್ ಹುಚ್ಚು ಹಿಡಿದಂಗೆ ಆಡತ್ತೆ, ಗ್ಲೌಸ್ ಹಾಕಿದ್ರೆ ಕೇಳಲ್ಲ. ತಿಂಗಳಿಗೆ ಎರಡು ಸಲ ಹೋಗೋ ಹುಚ್ಚರಿಗೆ ಗಾರ್ಮಿನ್ ಕಂಪನಿಯದ್ದರ ಥರದ ಜಿಪಿಎಸ್ ಡಿವೈಸು ಲಾಯಕ್ಕು, ಬಟನ್ ಇರೋದು, ಪೆನ್ಸಿಲ್ ಸೆಲ್ ಹಾಕೋದು ಸಿಗತ್ತೆ, ಅದಕ್ಕೂ ಓಪನ್ ಸ್ಟ್ರೀಟ್ ಮ್ಯಾಪ್ ಫ್ರೀಯಾಗಿ ತುಂಬ್ಸ್ಕೋಬಹುದು.

ಅಮೆರಿಕ, ಯುರೋಪಿಂದ ರಜಕ್ಕೆ ಬರೋ ನಮ್ಮವರಿಗೆ ಒಂದು ಮಾತು: ಸ್ಯಾಟಲೈಟ್ ಮೂಲಕ ಮೆಸೇಜ್, ಎಸ್‌ಒಎಸ್ ಕಳಿಸೋ ಡಿವೈಸ್ ಇಲ್ಲಿಗೆ ತರಬೇಡಿ. ಟೆಲಿಕಾಂ ಇಲಾಖೆ ಅನುಮತಿ ಇಲ್ದೆ ಅದನ್ನ ಇಟ್ಕೊಳ್ಳೋದೇ ಅಪರಾಧ, ಏರ್‌ಪೋರ್ಟಲ್ಲೇ ಸಿಕ್ಕಾಕ್ಕೊಂಡವರಿದ್ದಾರೆ.

ಹೊರಡೋ ಹಿಂದಿನ ದಿನ

ಟ್ರ್ಯಾಕನ್ನ ಓಪನ್ ಸ್ಟ್ರೀಟ್ ಮ್ಯಾಪ್ ಮೇಲೂ ನೀವು ಆರಿಸಿದ ಎರಡನೇ ಸಾಕ್ಷಿ ಮೇಲೂ ಇಟ್ಟು ಮೊದಲಿಂದ ಕೊನೆ ತನಕ ಬೆರಳಲ್ಲಿ ಓಡಿಸಿ, ಎಲ್ಲಿ ಎರಡೂ ಒಪ್ಪಲ್ವೋ ಅಲ್ಲಿ ಗುರುತು ಹಾಕಿ, ಆ ಗುರುತಿಗೆ ಐದು ಕಿಲೋಮೀಟರ್ ಮುಂಚೆ ಯಾವ ಊರಿದೆ ನೋಡ್ಕೊಳ್ಳಿ. ಅಲ್ಲಿ ನಿಲ್ಸಿ ಟೀ ಕುಡೀರಿ, ಅಂಗಡಿಯವರನ್ನ ಕೇಳಿ. "ದಾರಿ ಇದೆಯಾ" ಅಂತ ಕೇಳ್ಬೇಡಿ, ಇದೆ ಅಂತಾರೆ, ಅವರು ನಡೆಯೋ ದಾರಿ ಲೆಕ್ಕದಲ್ಲಿ. "ಈ ವರ್ಷ ಜೀಪ್ ಹೋಗಿದೆಯಾ" ಅಂತ ಕೇಳಿ.

ನಮ್ಮ ಎಸ್ಟೇಟ್ ದಾರಿ ಕಥೆ ಏನಾಯ್ತು ಅಂದ್ರೆ, ಆ ಭಾನುವಾರನೇ ಓಪನ್ ಸ್ಟ್ರೀಟ್ ಮ್ಯಾಪಲ್ಲಿ ಅಕೌಂಟ್ ಮಾಡಿ ಗೇಟ್ ಹಾಕ್ದೆ, ಖಾಸಗಿ ಅಂತ ಬರ್ದೆ, ಮೋರಿ ಇದ್ದ ಜಾಗದಲ್ಲಿ ದಾರಿ ಕತ್ತರಿಸ್ದೆ. ಹದಿನೈದು ನಿಮಿಷದ ಕೆಲಸ. ಹೋದ ವಾರ ರೈಟರಿಗೆ ಫೋನ್ ಮಾಡಿ ಕೇಳ್ದೆ, ಮೋರಿ ಇನ್ನೂ ಕಟ್ಟಿಲ್ವಂತೆ.